ಒದ್ದೆ ರಾಗಿಗೆ ದ್ಯಾವಮ್ಮತ್ತೆಯ ಕಾವಲು

ನಮ್ಮ ದ್ಯಾವಮ್ಮತ್ತೆಗೆ ಕೈ ಕಟ್ಟಿ ಕೂರುವುದು ಬರುವುದಿಲ್ಲ. ಬೆಳ್ಳೂರಿನ ಬಸ್ಸಿಗೆ ಕಾಯುವಾಗಲೂ ಪಕ್ಕದವರ ಅವರೆಕಾಯಿ ಸುಲಿದುಕೊಡುತ್ತಾಳೆ. ಊರಿನಲ್ಲಿ ಯಾರ ಹೊಲದಲ್ಲಿ ಕೆಲಸ ನಿಂತಿದ್ದರೂ ಮೊದಲು ಹೋಗಿ ಸೊಂಟ ಬಗ್ಗಿಸುವವಳು ಅವಳೇ. ಹಾಗಾಗಿ ಅವಳ ಹೊಲಕ್ಕೆ ಮುಯ್ಯಾಳುಗಳಿಗೆ ಕೊರತೆಯಿಲ್ಲ. ಇವತ್ತು ಅವಳು ನಮಗೆ, ನಾಳೆ ನಾವು ಅವಳಿಗೆ. ಕೂಲಿಯ ಮಾತೇ ಇಲ್ಲ.

ಇಂಥವಳು ಹೋದ ಸುಗ್ಗಿಯಲ್ಲಿ ಇಡೀ ದಿನ ಬದುವಿನ ಮೇಲೆ ಸುಮ್ಮನೆ ಕೂತಿದ್ದಳು ಎಂದರೆ ಪಕ್ಕದೂರಿನವರು ಈಗಲೂ ನಂಬುವುದಿಲ್ಲ.

ಬಿತ್ತನೆಯ ಕಾಲದಲ್ಲಿ ಬೆಳೆ ವಿಮೆ ಕಟ್ಟಲು ಹೋದವಳು ಅಲ್ಲಿದ್ದವರ ತಲೆ ತಿಂದಿದ್ದಳು. ಮಳೆ ಕೈಕೊಟ್ಟರೆ? ಇಡೀ ಪಂಚಾಯ್ತಿಯ ಇಳುವರಿ ನೋಡಿ ಪರಿಹಾರ ಕೊಡುತ್ತಾರೆ. ನನ್ನ ಹೊಲ ಒಂದೇ ಹಾಳಾದರೆ? ಅದಕ್ಕೂ ಕೆಲವು ಸಲ ಉಂಟು. ಕೊಯ್ದು ಒಣಗಲು ಬಿಟ್ಟ ರಾಗಿ ಮಳೆಗೆ ಸಿಕ್ಕರೆ? ಉಂಟು, ಆದರೆ ಮೂರು ದಿನದೊಳಗೆ ತಿಳಿಸಬೇಕು. ಮೆದೆ ಒಟ್ಟಿದ ಮೇಲೆ ನೆನೆದರೆ? ಇಲ್ಲ. ಜೊತೆಗೆ ಹೋಗಿದ್ದ ಪಕ್ಕದ ಹೊಲದ ತಮ್ಮಯ್ಯ ಆಕಳಿಸುತ್ತಾ, ಅವಳ ಒತ್ತಾಯಕ್ಕೆ ತಾನೂ ಕಟ್ಟಿ ಬಂದ.

ಸುಗ್ಗಿ ಬಂತು. ರಾಗಿ ಕೊಯ್ದು, ಒಣಗಲೆಂದು ಹಿಡಿಹಿಡಿಯಾಗಿ ಹೊಲದ ತುಂಬ ಅರಿ ಹಾಕಿದ್ದೇ ತಡ, ಕಾಲವಲ್ಲದ ಕಾಲದಲ್ಲಿ ಮಳೆ ಹೊಡೆಯಿತು. ಬೆಳಕು ಹರಿಯುತ್ತಲೇ ಅತ್ತೆ ವಿಮೆಯವರಿಗೆ ಫೋನ್ ಮಾಡಿದಳು. ನಾಳೆ ಬರುತ್ತೇವೆ, ನಾವು ನೋಡುವವರೆಗೂ ಇದ್ದಂತೆಯೇ ಇರಲಿ ಎಂದರು ಅವರು.

ಇದು ಗೊತ್ತಿಲ್ಲದೆ ನಾವು ಮುಯ್ಯಾಳುಗಳೆಲ್ಲ ಓಡೋಡಿ ಬಂದೆವು. ಬಿಸಿಲು ಬಂದಿತ್ತು, ಆಗಲೇ ತಿರುವಿ ಹಾಕಿದರೆ ರಾಗಿ ಉಳಿಯುತ್ತಿತ್ತು. ಅತ್ತೆ ಕೋಲು ಹಿಡಿದು ಅಡ್ಡ ನಿಂತಳು.

"ಯಾರೂ ಒಂದರೀನೂ ಮುಟ್ಬ್ಯಾಡಿ."

"ಮೊಳ್ಕೆ ಬಂದ್ಬುಡ್ತದೆ ಕಣಕ್ಕ" ಎಂದ ತಮ್ಮಯ್ಯ.

"ಬರ್ಲಿ ಬುಡ್ಲಾ. ನೋಡೋರು ಬರೋಗಂಟ ಅಂಗೇ ಇರ್ಬೇಕಂತೆ."

ಹಾಗೆಂದಳೇ ಹೊರತು ಅವಳ ಕಣ್ಣು ಒದ್ದೆ ಅರಿಗಳ ಮೇಲೇ ಇತ್ತು. ಮನೆಗೆ ವರ್ಷದ ಊಟ ಅದು. ಮುಟ್ಟಿದರೆ ಪರಿಹಾರ ಹೋಗುತ್ತದೆ, ಮುಟ್ಟದಿದ್ದರೆ ರಾಗಿ ಹೋಗುತ್ತದೆ. ನನಗಂತೂ ಆ ವಿಮೆಯವರ ಮೇಲೆ ಸಿಟ್ಟು ನೆತ್ತಿಗೇರಿತ್ತು.

ಅಷ್ಟರಲ್ಲಿ ಅತ್ತೆ ಏನೋ ಹೊಳೆದವಳಂತೆ ತಮ್ಮಯ್ಯನ ಕಡೆ ತಿರುಗಿದಳು.

"ನಿನ್ ರಾಗಿ ಏನ್ ಮಾಡ್ದ್ಯಲಾ?"

"ಅಂಗೇ ಬಿದ್ದದೆ. ಮೊದ್ಲು ನಿಂದಾಗ್ಲಿ ಅಂತ ಬಂದೆ."

"ಒಂದರೀನೂ ತಿರುವಿಲ್ವಾ?"

"ಇಲ್ಲ ಕಣಕ್ಕ."

"ಫೋನ್ ತೆಗೀಲಾ ಮೊದ್ಲು."

ತಮ್ಮಯ್ಯನಿಗೆ ವಿಮೆ ಕಟ್ಟಿದ್ದೇ ಮರೆತುಹೋಗಿತ್ತು. ಅವನು ವಿಮೆಯವರ ನಂಬರು ಒತ್ತುವಾಗ ನಾವೆಲ್ಲ ಸುತ್ತ ನೆರೆದು, ಮಗು ಹುಟ್ಟಿದ ಸುದ್ದಿಗೆ ಕಾದವರಂತೆ ಫೋನಿಗೆ ಕಿವಿ ಕೊಟ್ಟಿದ್ದೆವು. ಅವನದೂ ದಾಖಲಾಯಿತು. ಆ ಖುಷಿಗೆ ನನ್ನ ಸಿಟ್ಟೂ ಇಳಿಯಿತು. ಅತ್ತೆ ಮಾತ್ರ ಬಿಸಿಲು ಇಳಿಯುವವರೆಗೂ ಎರಡು ಹೊಲದ ನಡುವಿನ ಬದುವಿನಲ್ಲಿ ಕೂತು, ಸಹಾಯಕ್ಕೆ ಬಂದವರನ್ನೆಲ್ಲ ಬೈದು ಅಟ್ಟಿದಳು.

ಮಾರನೆಯ ದಿನ ವಿಮೆ ಕಂಪನಿಯ ಶ್ವೇತ ಎಂಬಾಕೆ ಬಂದರು. ಎರಡೂ ಹೊಲ ಸುತ್ತಿದರು, ಅರಿಗಳನ್ನು ಬಿಡಿಸಿ ತೆನೆ ನೋಡಿದರು, ಫೋಟೋ ತೆಗೆದರು. ನಾವು ಬದುವಿನುದ್ದಕ್ಕೂ ಸಾಲಾಗಿ ನಿಂತು, ಅವರ ಬಾಯನ್ನೇ ನೋಡುತ್ತಿದ್ದೆವು. ಪರಿಹಾರ ಆಮೇಲೆ ಇಬ್ಬರಿಗೂ ಬಂತು. ಆದರೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿರುವುದು ಅವರು ಅವತ್ತು ನೋಡಿ ಮುಗಿಸಿದ ಗಳಿಗೆ.

"ಆಯ್ತಮ್ಮ, ಇನ್ನು ತಿರುವಿಕೊಳ್ಳಿ" ಎಂದರು ಶ್ವೇತ. ಅವರ ಮಾತು ಮುಗಿಯುವ ಮೊದಲೇ ನಾವೆಲ್ಲ ಅತ್ತೆಯ ಹೊಲಕ್ಕೆ ಧುಮುಕಿದೆವು.

ಅತ್ತೆ ಅಲ್ಲಿರಲಿಲ್ಲ. ಬದು ದಾಟಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ತಮ್ಮಯ್ಯನ ಹೊಲದಲ್ಲಿ ಆಗಲೇ ಬಗ್ಗಿದ್ದಳು.