ಎಡಗೈ ಗಡಿಯಾರ, ಬಲಗೈ ಗಡಿಯಾರ

ನಮ್ಮ ಮೇಡಂ ಅವರ ಎರಡೂ ಮಣಿಕಟ್ಟುಗಳಲ್ಲಿ ಗಡಿಯಾರದ ಪಟ್ಟಿಯ ಗುರುತಿತ್ತು. ಬಸ್‌ಸ್ಟಾಪಿನಿಂದ ದಿನಾ ಬಿಸಿಲಲ್ಲಿ ನಡೆದು ಕಪ್ಪಾದ ಕೈಗಳಲ್ಲಿ ಎರಡು ಬಿಳಿ ಗೆರೆ. ಗಡಿಯಾರ ಮಾತ್ರ ಒಂದೇ. ಗಂಡಸರು ಕಟ್ಟುವಂಥ ದೊಡ್ಡದು, ಸ್ಪ್ರಿಂಗ್ ಪಟ್ಟಿಯದು. ಅದನ್ನು ಸರಕ್ಕನೆ ಎಳೆದು ಒಂದು ಕೈಯಿಂದ ಇನ್ನೊಂದಕ್ಕೆ ಹಾಕಿಕೊಳ್ಳುತ್ತಿದ್ದರು.

ಎಂಬತ್ತರ ದಶಕದ ಮಾತು. ಮಹದೇವಪುರದ ಆಚೆ ಒಂದು ಸರ್ಕಾರಿ ಕಾರ್ಖಾನೆಯ ಕಂಪ್ಯೂಟರ್ ಸೆಕ್ಷನ್ನಿಗೆ ಅವರು ಹಿರಿಯರು, ನಾನು ಹೊಸ ಆಪರೇಟರ್. ಹೂಡಿಯ ಬಳಿಯ ನಮ್ಮ ರಾಗಿ ಹೊಲ ಕಾರ್ಖಾನೆಯ ಪಾಲಾದದ್ದಕ್ಕೆ ಸಿಕ್ಕ ಕೆಲಸವದು. ಇನ್ನೂ ಕಾಯಂ ಆಗಿರಲಿಲ್ಲ. ಒಂದು ತಪ್ಪು ದಾಖಲೆಗೆ ಬಿದ್ದರೆ ಮನೆಗೆ ಹೋಗಬೇಕಿತ್ತು, ಮನೆಯಲ್ಲಿ ಉಳಲು ಹೊಲವೂ ಇರಲಿಲ್ಲ.

ಯಂತ್ರದ ಕೋಣೆಗೆ ಧೂಳು ಬರಬಾರದೆಂದು ದೇವಸ್ಥಾನದ ಹಾಗೆ ಚಪ್ಪಲಿ ಬಾಗಿಲಾಚೆ ಬಿಡಬೇಕಿತ್ತು. ನಾವೆಲ್ಲ ಹವಾಯಿ ಚಪ್ಪಲಿಯವರು. ಮ್ಯಾನೇಜರ್ ಸಾಹೇಬರು ಮಾತ್ರ ಲೇಸಿನ ಶೂ ಹಾಕುತ್ತಿದ್ದರು. ಹೊಟ್ಟೆ ಬೇರೆ ದೊಡ್ಡದು, ಬಗ್ಗಿ ಬಿಚ್ಚುವಾಗೆಲ್ಲ ಗೊಣಗುತ್ತಿದ್ದರು.

ಕೋಣೆ ತುಂಬ ಹರಡಿದ್ದರೂ ಯಂತ್ರ ಒಂದೇ. ಅದನ್ನು ಆಳುವ ಮೂಲ ಪ್ರೋಗ್ರಾಂ, ಪರದೆ ಮುಂದೆ ಕೂತ ಪ್ರತಿಯೊಬ್ಬರಿಗೂ ಇಡೀ ಯಂತ್ರ ತನ್ನದೇ ಎಂದು ನಂಬಿಸುತ್ತಿತ್ತು. ಆ ಪ್ರೋಗ್ರಾಮಿನ ಹೊಸ ಆವೃತ್ತಿ ಟೇಪಿನಲ್ಲಿ ಬಂತು. ಪರೀಕ್ಷೆಗೆಂದು ಯಂತ್ರ ನಿಲ್ಲಿಸಿದರೆ ಶಾಪಿಗೆ, ಯಾರು ಏನು ಮಾಡಬೇಕೆಂದು ಬರೆದ ಜಾಬ್ ಕಾರ್ಡ್ ಹೋಗುವುದಿಲ್ಲ, ಲೇತುಗಳ ಮುಂದೆ ಜನ ಕೈಕಟ್ಟಿ ಕೂರಬೇಕು. ಅದಕ್ಕೆ ಮೇಡಂ ಹೊಸದನ್ನು ಹಳೆಯದರ ಒಳಗೇ, ಅಂಥ ಒಂದು ತೋರಿಕೆಯ ಯಂತ್ರದಲ್ಲಿ ಓಡಿಸಲು ಹೊರಟರು. ಮನೆಯಲ್ಲಿ ಇದನ್ನು ಹೇಳಿದಾಗ ಅಪ್ಪ, "ಹೊಟ್ಟೆ ಒಳಗೊಂದು ಹೊಟ್ಟೆ ಅನ್ನು. ಎಲ್ಲಾದ್ರೂ ಅಜೀರ್ಣ ಆದಾತು, ನೋಡ್ಕಳಿ" ಎಂದಿದ್ದ.

ಕಷ್ಟವೇನೆಂದರೆ, ಒಂದೇ ಪರದೆಯಲ್ಲಿ ಒಂದು ಗಳಿಗೆ ಒಳಗಿನದರ ಜೊತೆ ಮಾತಾಡುತ್ತೇವೆ, ಒಂದು ಗುಂಡಿ ಒತ್ತಿದರೆ ಹೊರಗಿನದರ ಜೊತೆ. ಎರಡಕ್ಕೂ ಅವೇ ಆಜ್ಞೆಗಳು. ಮರೆತರೆ ಕೆಟ್ಟೆವು. ಅದಕ್ಕೇ ಗಡಿಯಾರ: ಒಳಗಿದ್ದರೆ ಬಲಗೈ, ಹೊರಗಿದ್ದರೆ ಎಡಗೈ. "ಏನು ಟೈಪ್ ಮಾಡೋದಾದ್ರೂ ಮೊದ್ಲು ನನ್ನ ಕೈ ನೋಡು ಕಣಪ್ಪ" ಎನ್ನುತ್ತಿದ್ದರು. ಹಿಂದಿನ ಆವೃತ್ತಿಗಳ ಕಾಲದಿಂದಲೂ ನಡೆದು ಬಂದ ಈ ಪದ್ಧತಿ ಸೆಕ್ಷನ್ನಿಗೆಲ್ಲ ಗೊತ್ತಿತ್ತು. ಮ್ಯಾನೇಜರರೂ "ಇವತ್ತು ಯಾವ ಕೈ ಮೇಡಂ?" ಎಂದು ರೇಗಿಸುತ್ತಿದ್ದರು.

ಮೂರು ದಿನ ಒಳಗಿನದು ಬಾಯಿ ಬಿಡಲಿಲ್ಲ. ಶುರು ಮಾಡಿದರೆ ಪರದೆ ಖಾಲಿ. ಸತ್ತೇಹೋಗಿದೆ ಎಂದೆ ನಾನು. ಮೇಡಂ ಅದರ ಮೆಮೊರಿಯಲ್ಲಿದ್ದುದನ್ನೆಲ್ಲ ಅಚ್ಚು ಹಾಕಿಸಿ, ಮಾರುದ್ದದ ಹಾಳೆಗಳನ್ನು ನೆಲದ ಮೇಲೆ ಹಾಸಿ, ಸೀರೆ ಮಡಚಿ ಕೂತು, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಬೆರಳಿಟ್ಟು ಓದಿದರು. ಮೂರನೆಯ ದಿನ ಊಟದ ಡಬ್ಬಿ ತೆರೆದವರು ಮುಚ್ಚಿಬಿಟ್ಟರು.

"ಸತ್ತಿಲ್ಲ ಕಣಪ್ಪ. ಮಾತಾಡ್ತಾನೇ ಇದೆ. ಅದು ಒಂದು ಬಾಗಿಲಲ್ಲಿ ನಿಂತು ಕೂಗ್ತಿದೆ, ನಾವು ಇನ್ನೊಂದು ಬಾಗಿಲಲ್ಲಿ ಕಾಯ್ತಿದೀವಿ."

ಹೊಸ ಪ್ರೋಗ್ರಾಂ ತನ್ನ ಪರದೆಯನ್ನು ಹುಡುಕುತ್ತಿದ್ದ ನಂಬರೇ ಬೇರೆ, ನಾವು ಕೊಟ್ಟಿದ್ದ ನಂಬರೇ ಬೇರೆ. ಸರಿಪಡಿಸಿದರು. ಪರದೆಯ ಮೇಲೆ ಮೊದಲ ಸಾಲು ಮೂಡಿದಾಗ ಅವರ ಕಣ್ಣು ತುಂಬಿತು. ಆ ಮುಖವನ್ನು ಇನ್ನೊಮ್ಮೆ ನೋಡಲು ನಾನು ಏನು ಬೇಕಾದರೂ ಕೊಟ್ಟೇನು.

ಗುಂಡಿ ಒತ್ತಿ ಹೊರಗಿನದಕ್ಕೆ ಬಂದು ಹೊಸ ನಂಬರನ್ನು ಕಾಯಂ ಮಾಡಿದರು. ಆಮೇಲೆ ಫೋನ್ ಎತ್ತಿಕೊಂಡು, "ಒಳಗೆ ಹೋಗಿ ಅದನ್ನ ಮುಚ್ಚಿಬಿಡು" ಎಂದರು. ನಾನು ಹಿಗ್ಗಿನಲ್ಲಿದ್ದೆ. ಒಳಗೆ ಹೋಗಲಿಲ್ಲ, ಅವರ ಕೈ ನೋಡಲಿಲ್ಲ. ಮುಚ್ಚುವ ಆಜ್ಞೆ ಕೊಟ್ಟುಬಿಟ್ಟೆ.

ಪಕ್ಕದ ಪ್ರಿಂಟರ್ ಅರ್ಧ ಸಾಲಿಗೆ ನಿಂತಿತು. ನಾನು ಮುಚ್ಚಿದ್ದು ಇಡೀ ಕಾರ್ಖಾನೆಯ ಯಂತ್ರವನ್ನು. ಆ ಮೌನ ಈಗಲೂ ನನ್ನ ಕಿವಿಯಲ್ಲಿದೆ. ಗಾಜಿನಾಚೆ ಮ್ಯಾನೇಜರ್ ಓಡಿ ಬಂದದ್ದು ಕಂಡು ನಾನು ತಲೆ ತಗ್ಗಿಸಿದೆ. ಅವರು ಒಳಗೆ ಬಂದು, "ಯಾರು ಮಾಡಿದ್ದು?" ಎಂದು ನನ್ನನ್ನೇ ನೋಡಿದರು.

ಮೇಡಂ ಕೈ ಚಾಚಿದರು. ಗಡಿಯಾರ ಬಲಗೈಯಲ್ಲಿತ್ತು.

"ನಾನು ಹೊರಗೆ ಬಂದಿದ್ದೆ ಸಾರ್, ಗಡಿಯಾರ ಬದಲಾಯ್ಸೋದು ಮರ್ತೆ. ಈತ ನನ್ನ ಕೈ ನೋಡಿ ಟೈಪ್ ಮಾಡಿದ್ದಾನೆ. ತಪ್ಪು ನಂದು."

ಲಾಗ್‌ಬುಕ್ಕಿನಲ್ಲೂ ಹಾಗೇ ಬರೆದು ಸಹಿ ಹಾಕಿದರು. ಆ ವರ್ಷ ನಾನು ಕಾಯಂ ಆದೆ. ಅವರಿಗೆ ಬರಬೇಕಿದ್ದ ಬಡ್ತಿ ಬೇರೆಯವರಿಗೆ ಹೋಯಿತು. ಅವರು ಮರೆತದ್ದು ನನ್ನ ಪುಣ್ಯ ಎಂದುಕೊಂಡು ನಾನು ಬಾಯಿ ಮುಚ್ಚಿಕೊಂಡಿದ್ದೆ, ಎಷ್ಟೋ ವರ್ಷ.

ನಿವೃತ್ತರಾದ ಮೇಲೆ ಅವರು ಚಂದಾಪುರದಲ್ಲಿ ತಂಗಿಯ ಮನೆಯಲ್ಲಿದ್ದರು. ಹಾಸಿಗೆ ಹಿಡಿದರೆಂದು ಕೇಳಿ ಹೋದೆ. ಗಡಿಯಾರ ಕಟ್ಟಲಾಗದಷ್ಟು ಕೈ ಸೊರಗಿತ್ತು, ದಿಂಬಿನ ಪಕ್ಕ ಇಟ್ಟುಕೊಂಡಿದ್ದರು. ಕೊನೆಗೂ ಹೇಳಿದೆ: "ಅವತ್ತು ನಾನು ನಿಮ್ಮ ಕೈ ನೋಡ್ಲೇ ಇಲ್ಲ ಮೇಡಂ."

"ಗೊತ್ತು ಕಣಪ್ಪ. ನೋಡಿದ್ರೆ ಎಡಗೈಲೇ ಕಾಣಿಸ್ತಿತ್ತಲ್ಲ." ಸ್ವಲ್ಪ ಉಸಿರು ತೆಗೆದುಕೊಂಡರು. "ಸಾಹೇಬ್ರು ಆಚೆ ಶೂ ಲೇಸ್ ಬಿಚ್ತಿದ್ರು. ಅಷ್ಟರಲ್ಲಿ ಬಲಗೈಗೆ ಹಾಕ್ಕೊಂಡೆ."

ಇನ್ನೊಂದು ಸಲ ಬಂದು ಕ್ಷಮೆ ಕೇಳೋಣ ಎಂದುಕೊಂಡು ಎದ್ದೆ. ಮುಂದಿನ ವಾರವೇ ತೀರಿಕೊಂಡರು.

ಈಗ ನಮ್ಮ ಮನೆ ಬಾಗಿಲಲ್ಲಿ ಯಾರಾದರೂ ಬಗ್ಗಿ ಶೂ ಬಿಚ್ಚುತ್ತಾ ತಡ ಮಾಡಿದರೆ ನಾನು ಸುಮ್ಮನೆ ನಿಂತು ನೋಡುತ್ತೇನೆ. ಅಷ್ಟೇ ಹೊತ್ತಿನಲ್ಲಿ ಮೇಡಂ ನನ್ನ ಅನ್ನ ಉಳಿಸಿ, ತಮ್ಮ ಬಡ್ತಿ ಬಿಟ್ಟುಕೊಟ್ಟಿದ್ದರು.