ಮಲ್ಲಟದ ಖಾಲಿ ಹುದ್ದೆ

ಬೆಳಿಗ್ಗೆ ಕಚೇರಿಯ ಬೀರು ತೆಗೆದದ್ದೇ ತಡ, ನುಸಿಗುಳಿಗೆಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ರಾಯಚೂರಿನ ಮುಖ್ಯ ಕಚೇರಿಯಿಂದ ಪತ್ರ ಬಂದಿತ್ತು. ಮಲ್ಲಟದಲ್ಲಿ ನಮ್ಮ ಸಂಸ್ಥೆಯ ಕುರಿ ಆರೋಗ್ಯ ಕಾರ್ಯಕರ್ತೆಯ ಹುದ್ದೆ ಎಂಟು ವರ್ಷದಿಂದ ಖಾಲಿ ಇದೆಯಂತೆ, ಯಾಕೆ ತುಂಬಿಲ್ಲವಂತೆ, ಕೂಡಲೇ ಸಂದರ್ಶನ ಕರೆಯಬೇಕಂತೆ. ಹಳೆಯ ಪ್ರಶ್ನೆಪಟ್ಟಿ ಸಿಕ್ಕರೆ ಹೊಸದು ಬರೆಯುವ ತ್ರಾಸು ತಪ್ಪೀತು ಎಂದು ಹುಡುಕಹೊರಟೆ. ಸಿಕ್ಕಿದ್ದು ಪ್ರಶ್ನೆಪಟ್ಟಿಯಲ್ಲ, ಹಳದಿ ತಿರುಗಿದ ಒಂದು ಅಂಕಪಟ್ಟಿ. ಅದರ ಕೊನೆಯ ಸಾಲಿನಲ್ಲಿ ನನ್ನದೇ ಕೈಯ ಒಂದು ದುಂಡನೆಯ ಸೊನ್ನೆ.

ಸಂದರ್ಶನದ ಮೇಜಿನ ಈಚೆಗೋ ಆಚೆಗೋ ನೀವೂ ಒಮ್ಮೆ ಕೂತಿರುತ್ತೀರಿ. ಹಾಗಾಗಿ ಆ ಪ್ರಶ್ನೆ ನಿಮಗೂ ಗೊತ್ತು: ಮುಂದಿನ ಐದು ವರ್ಷದ ನಿಮ್ಮ ಯೋಜನೆ ಏನು? ನಾನು ಅದನ್ನು ರಾಯಚೂರಿನಲ್ಲಿ ನಡೆದ ಎರಡು ದಿನದ ತರಬೇತಿಯಲ್ಲಿ ಕಲಿತು ಬಂದಿದ್ದೆ. ಹೊಸ ಸೀರೆ ಕೊಂಡವಳು ಸಿಕ್ಕ ಕಾರ್ಯಕ್ಕೆಲ್ಲ ಅದನ್ನೇ ಉಟ್ಟುಕೊಂಡು ಹೋಗುವ ಹಾಗೆ, ಯಾರು ಎದುರು ಕೂತರೂ ಅದನ್ನೇ ಕೇಳುತ್ತಿದ್ದೆ. ನನ್ನ ಯೋಜನೆ ಏನಿತ್ತು ಎನ್ನುತ್ತೀರಾ? ಶಿಕ್ಷಕಿಯ ಕೆಲಸ ಸಿಗುವ ತನಕ ಆರು ತಿಂಗಳು ಇರೋಣವೆಂದು ಮಾನ್ವಿಯ ಈ ಕಚೇರಿಗೆ ಬಂದವಳು ನಾನು. ಈಗ ತಲೆ ನೆರೆತಿದೆ. ಪುಣ್ಯಕ್ಕೆ ನನ್ನನ್ನು ಯಾರೂ ಕೇಳಲಿಲ್ಲ.

ಸಂದರ್ಶನಕ್ಕೆ ನನ್ನ ಜೊತೆ ಕೂರುತ್ತಿದ್ದವರು ನಮ್ಮ ಔಷಧಿ ದಾಸ್ತಾನು ನೋಡಿಕೊಳ್ಳುತ್ತಿದ್ದ ಖಾಜಾಸಾಬರು. ಬಾಯಲ್ಲಿ ಸದಾ ಒಂದು ಏಲಕ್ಕಿ. ನನ್ನ ಪ್ರಶ್ನೆ ಕಂಡರೆ ಅವರಿಗೆ ನಗು.

"ಮೇಡಂ, ನಾಳಿ ಔಷಧಿ ಗಾಡಿ ಬರ್ತದೋ ಇಲ್ಲೋ ನಮಗ ಗೊತ್ತಿಲ್ಲ. ಈ ಹುಡುಗ್ಯಾರಿಗೆ ಐದು ವರ್ಷದ್ದು ಕೇಳ್ತೀರಲ್ರೀ!"

ಆ ಸೊನ್ನೆ ಹಾಕಿದ ದಿನ ಮಲ್ಲಟದ ಹುದ್ದೆಗೆ ಬಂದವರು ಏಳು ಮಂದಿ. ಆರು ಮಂದಿಯ ಉತ್ತರ ಒಂದೇ. ಒಂದೇ ಪುಸ್ತಕ ಬಾಯಿಪಾಠ ಮಾಡಿದ್ದರೆಂದು ಕಾಣುತ್ತದೆ. ಸಂಸ್ಥೆಯ ಜೊತೆ ಬೆಳೆಯುವುದು, ಜವಾಬ್ದಾರಿಯ ಸ್ಥಾನಕ್ಕೇರುವುದು. ಅವರಲ್ಲಿ ದೇವದುರ್ಗದ ಒಬ್ಬ ಹುಡುಗಿ ಡಿಪ್ಲೊಮಾ ಮಾಡಿದವಳು, ಕೈಮುಗಿದು, "ಜೀವನಪೂರ್ತಿ ಇಲ್ಲೇ ಸೇವೆ ಮಾಡ್ತೀನಿ ಮೇಡಂ" ಎಂದಳು. ನನ್ನ ಕಣ್ಣು ಒದ್ದೆಯಾಯಿತು. ಹತ್ತಕ್ಕೆ ಹತ್ತು ಹಾಕಿದೆ.

ಕೊನೆಗೆ ಬಂದವಳು ಗಬ್ಬೂರಿನ ಮಾಳಮ್ಮ. ಕುರಿ ಕಾಯುವ ಮನೆತನ. ಪಿಯುಸಿ ಮುಗಿಸಿದ್ದಳು, ಮುಂದೆ ಓದಲು ಆಗಿರಲಿಲ್ಲ. ಈ ಕೆಲಸ ಅವಳಿಗೆ ಬೇಕಾಗಿತ್ತು, ಅದು ಮುಖ ನೋಡಿದರೇ ತಿಳಿಯುತ್ತಿತ್ತು. ಕುರ್ಚಿಯ ಅಂಚಿಗೆ ಕೂತು, ಕೇಳಿದ್ದಕ್ಕೆಲ್ಲ ನೆಟ್ಟಗೆ ಹೇಳಿದಳು. ಆಮೇಲೆ ನಾನು ನನ್ನ ಪ್ರಶ್ನೆ ಕೇಳಿದೆ.

"ಮೂರು ವರ್ಷ ಇರ್ತೀನ್ರೀ. ಆಮ್ಯಾಲ ಹೋಗ್ತೀನಿ."

ಖಾಜಾಸಾಬರ ಬಾಯಲ್ಲಿ ಏಲಕ್ಕಿ ನಿಂತಿತು.

"ಇನ್ನೂ ಕೆಲಸಾನೇ ಕೊಟ್ಟಿಲ್ಲ, ಬಿಡೋ ಮಾತಾಡ್ತೀಯಲ್ಲಮ್ಮ! ಎಲ್ಲಿಗೆ ಹೋಗ್ತೀ?" ಎಂದೆ.

"ಅದಿನ್ನಾ ಗೊತ್ತಿಲ್ರೀ ಅಕ್ಕಾರ. ಮಲ್ಲಟಕ್ಕ ಮೂರು ವರ್ಷ ಸಾಕು." ನಾನು ಹುಬ್ಬೇರಿಸಿದ್ದು ಕಂಡು ಅವಳೇ ಬಿಡಿಸಿ ಹೇಳಿದಳು. "ನಾವು ರೈತರ ಹೊಲದಾಗ ಗೊಬ್ಬರಕ್ಕ ಕುರಿ ಕೂಡಸ್ತೀವಲ್ರೀ, ಮೊದಲ ಹೋಗಿ ಹೊಲ ನೋಡ್ತೀವಿ, ಮಣ್ಣು ನೋಡ್ತೀವಿ, ಎಷ್ಟು ರಾತ್ರಿ ಅಂತ ಮಾತಾಡ್ತೀವಿ. ಮೂರಂದ್ರ ಮೂರ. ಹೆಚ್ಚು ಕೂಡಿಸಿದ್ರ ಬೆಳಿ ಸುಡತದ. ಹೊಲದವರು ಇರ್ರಿ ಅಂದ್ರೂ ಇರಂಗಿಲ್ಲ. ನಿನ್ನಿ ಮಲ್ಲಟಕ್ಕ ಹೋಗಿ ನೋಡಿ ಬಂದೀನಿ. ಅಲ್ಲಿ ಮರಿ ನೋಡ್ಕೊಳ್ಳೋರು ಹೆಣಮಕ್ಕಳೇ. ಔಷಧಿ ಅಂದ್ರ ಅಂಜತಾರ. ಅಂಜಿಕಿ ಹೋಗಾಕ ಒಂದು ವರ್ಷ, ಕೈ ಪಳಗಾಕ ಒಂದು ವರ್ಷ, ತಮ್ಮಷ್ಟಕ್ಕ ತಾವ ಮಾಡಾಕ ಇನ್ನೊಂದು. ಆಮ್ಯಾಲನೂ ನಾ ಅಲ್ಲೇ ಕುಂತ್ರ, ಅವರು ನನ್ನ ದಾರಿ ನೋಡ್ಕೋತ ಕುಂದ್ರತಾರ."

ಎಷ್ಟೋ ಜನರನ್ನು ಆ ಪ್ರಶ್ನೆ ಕೇಳಿದ್ದೆ. ಅದಕ್ಕೆ ನಿಜವಾಗಿ ಒಂದು ಉತ್ತರ ಇರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಒಬ್ಬ ಹುಡುಗಿ ಊರಿಗೆ ಹೋಗಿ, ನೋಡಿ, ಲೆಕ್ಕ ಹಾಕಿ ಬಂದಿದ್ದಳು. ಆ ಲೆಕ್ಕದಲ್ಲಿ ಅವಳಿಗಾಗಿ ಏನೂ ಉಳಿದಿರಲಿಲ್ಲ. ನಾನು ಬೆರಗಾಗಿ ಅವಳನ್ನೇ ನೋಡಿದೆ.

ನೋಡಿ, ಸೊನ್ನೆ ಹಾಕಿದೆ. ಏನು ಮಾಡಲಿ, ಕೊನೆಯ ಸಾಲಿನಲ್ಲಿ "ದೀರ್ಘಕಾಲ ಉಳಿಯುವ ಮನಸ್ಸು" ಎಂದಿತ್ತು; ಅದಕ್ಕೆ ಹತ್ತು ಅಂಕ. ಬೆರಗಿಗೆಂದು ಅಂಕಪಟ್ಟಿಯಲ್ಲಿ ಸಾಲೇ ಇರಲಿಲ್ಲ. ಖಾಜಾಸಾಬರು, "ಇಷ್ಟು ಮಂದಿಯೊಳಗ ಖರೇ ಹೇಳಿದಾಕಿ ಈಕಿ ಒಬ್ಬಾಕಿ" ಎಂದು ಗೊಣಗಿಕೊಂಡು ಹತ್ತು ಹಾಕಿದರು. ಆದರೆ ಮೇಲಿನವಳು ನಾನು. ಕೆಲಸ ದೇವದುರ್ಗದ ಹುಡುಗಿಗೆ ಹೋಯಿತು.

ಜೀವನಪೂರ್ತಿ ಸೇವೆ ನಲವತ್ತು ದಿನಕ್ಕೆ ಮುಗಿಯಿತು. ಅವಳಿಗೆ ಸರಕಾರಿ ನೌಕರಿ ಬಂತು, ಪೇಡೆ ಕೊಟ್ಟು ಹೋದಳು. ಅವಳದೇನೂ ತಪ್ಪಿಲ್ಲ. ಖಾಜಾಸಾಬರು ನನ್ನ ಮುಖ ನೋಡುತ್ತಾ ಎರಡು ಪೇಡೆ ತಿಂದರು. ಮರುದಿನವೇ ನಾನು ಮಾಳಮ್ಮನನ್ನು ಹುಡುಕಿಕೊಂಡು ಗಬ್ಬೂರಿಗೆ ಹೋದೆ. ಅಲ್ಲಿರಲಿಲ್ಲ; ಮಂದೆಯ ಜೊತೆ ಹೋಗಿದ್ದಳು. ಮೂರು ಬಸ್ಸು ಬದಲಿಸಿ, ಯರಗೇರಾದಿಂದ ಆಚೆ ಬಿಸಿಲಲ್ಲಿ ನಡೆದು, ಕೊನೆಗೆ ಒಂದು ಹೊಲದಲ್ಲಿ ಅವಳನ್ನು ಹಿಡಿದೆ. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಬಾಯಿಗೆ ಬಂದದ್ದು "ಬರ್ತೀಯಾ?" ಅಷ್ಟೇ.

"ಈ ಹೊಲಕ್ಕ ಮಾತು ಕೊಟ್ಟೀವ್ರೀ, ಇನ್ನಾ ಎರಡು ರಾತ್ರಿ ಅದ. ಸೋಮವಾರ ಬರ್ತೀನಿ" ಎಂದಳು. ಯಾಕೆ ಮೊದಲು ಬೇಡವೆಂದಿರಿ ಎಂದು ಆಗಲೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ.

ಮೊದಲ ವರ್ಷ ಮಲ್ಲಟದಲ್ಲಿ ಮನೆಮನೆ ಸುತ್ತಿದಳು. ಎರಡನೆಯ ವರ್ಷ ನಾನು ತಪಾಸಣೆಗೆಂದು ಹೋದರೆ, ಹೆಂಗಸರು ಕುರಿಗಳಿಗೆ ಔಷಧಿ ಕುಡಿಸುತ್ತಿದ್ದಾರೆ, ಈಕೆ ದೂರದ ಬೇವಿನ ಮರದ ಕೆಳಗೆ ಬೆನ್ನು ತಿರುಗಿಸಿ ಕೂತಿದ್ದಾಳೆ. ಕೆಲಸಗಳ್ಳಿ ಎಂದುಕೊಂಡು ಬಂದು, ಒಂದು ನೋಟಿಸನ್ನೂ ಬರೆದೆ. "ನಾ ನೋಡಿದ್ರ ಅವರ ಕೈ ನಡಗತಾವ್ರೀ" ಎಂದು ಅವಳು ಉತ್ತರ ಬರೆದು ಕಳಿಸಿದಳು. ನೋಟಿಸು ವಾಪಸು ಪಡೆದೆ. ಹೀಗೆ ಆ ಮೂರು ವರ್ಷದಲ್ಲಿ ನಾನು ವಾಪಸು ಪಡೆದದ್ದು ಬಹಳ.

ಮೂರು ವರ್ಷ ತುಂಬಿದ ದಿನ ಅವಳು ಔಷಧಿ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟಳು. ನಾನು ರಾಯಚೂರಿನಲ್ಲಿ ಮೇಲ್ವಿಚಾರಕಿಯ ಕೆಲಸ ಕೊಡಿಸುತ್ತೇನೆಂದೆ, ಮುಖ್ಯ ಕಚೇರಿಗೆ ಫೋನು ಹಚ್ಚುತ್ತೇನೆಂದೆ, ಕೊನೆಗೆ ನಾಚಿಕೆ ಬಿಟ್ಟು ಅತ್ತೆ. ಅವಳಿಗೆ ಆಶ್ಚರ್ಯ.

"ಅಕ್ಕಾರ, ಮೊದಲನೇ ದಿನಾನ ಹೇಳಿದ್ನಲ್ರೀ. ಸಂದರ್ಶನದಾಗ ಹೇಳಿದ್ದು ಬರೇ ಹೇಳಾಕ ಅಂತ ತಿಳಕೊಂಡಿದ್ರೇನು?"

ಹೌದು, ಹಾಗೇ ತಿಳಿದುಕೊಂಡಿದ್ದೆ. ಎಲ್ಲರೂ ಹಾಗೇ ತಿಳಿದುಕೊಳ್ಳುತ್ತಾರೆ. ಅವಳು ಹೋದ ಮೇಲೆ ಹುದ್ದೆ ಹಾಗೇ ಖಾಲಿ ಉಳಿಯಿತು, ಬೇಕೆಂದು ಮಲ್ಲಟದವರು ಯಾರೂ ಕೇಳಲಿಲ್ಲ. ಆಮೇಲೆ ಅವಳು ತೆಲಂಗಾಣದ ಗಡಿಯ ಕಡೆ ಯಾವುದೋ ಊರಲ್ಲಿದ್ದಾಳೆಂದು ಖಾಜಾಸಾಬರು ಕೇಳಿಬಂದಿದ್ದರು. ಈಗ ಅವರೂ ಇಲ್ಲ, ಕೇಳಿ ಹೇಳುವವರಿಲ್ಲ.

ಇವತ್ತು ಆ ಹಾಳೆ ಹಿಡಿದು ಬಹಳ ಹೊತ್ತು ಕೂತಿದ್ದೆ. ಪ್ರಶ್ನೆಪಟ್ಟಿ ಬರೆಯಲು ಕೈ ಬರಲಿಲ್ಲ. ಊಟ ಬಿಟ್ಟು ಮಲ್ಲಟದ ಬಸ್ಸು ಹತ್ತಿದೆ.

ಊರೊಳಗಿನ ಮೊದಲ ಓಣಿಯಲ್ಲೇ, ಒಂದು ಮನೆಯ ಅಂಗಳದಲ್ಲಿ, ಹೊಸದಾಗಿ ಮದುವೆಯಾದವಳಂತೆ ಕಾಣುವ ಹೆಣ್ಣುಮಗಳೊಬ್ಬಳು ಮರಿಗಳಿಗೆ ಜಂತಿನ ಔಷಧಿ ಕುಡಿಸುತ್ತಿದ್ದಳು. ಮರಿಯನ್ನು ಮಂಡಿಗಳ ನಡುವೆ ಒತ್ತಿ ಹಿಡಿದು, ಬಾಯಿಯ ಒಂದು ಪಕ್ಕದಿಂದ, ನಿಧಾನವಾಗಿ, ಒಂದು ಹನಿ ಚೆಲ್ಲದಂತೆ. ನಿಂತು ನೋಡಿದೆ. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ.

"ಯಾರು ಕಲಿಸಿದ್ರಮ್ಮ ಇದನ್ನ?"

"ನಮ್ಮ ಓಣಿ ನಾಗಮ್ಮ."

"ನಾಗಮ್ಮಗ ಯಾರು ಕಲಿಸಿದ್ರು?"

ರೊಟ್ಟಿ ಬಡಿಯುವುದನ್ನು ಯಾರು ಕಲಿಸಿದರೆಂದು ಕೇಳಿದವಳನ್ನು ನೋಡುವ ಹಾಗೆ ಅವಳು ನನ್ನನ್ನು ನೋಡಿದಳು.

"ಅದನ್ನ ಯಾರು ಕಲಸ್ತಾರ್ರೀ? ನಮ್ಮೂರ ಹೆಣಮಕ್ಕಳಿಗೆ ಮೊದಲಿಂದನೂ ಬರ್ತದ."

ಮಾಳಮ್ಮನ ಹೆಸರು ತುಟಿಯ ತನಕ ಬಂದಿತ್ತು, ಹೇಳಲಿಲ್ಲ. ಹೇಳಿದ್ದರೆ ಅವಳು ಮಾಡಿಟ್ಟು ಹೋದ ಕೆಲಸವನ್ನು ನಾನು ಕೆಡಿಸಿದಂತಾಗುತ್ತಿತ್ತು.

ಬಸ್ಸಿಗೆ ಇನ್ನೂ ಹೊತ್ತಿತ್ತು. ಇಪ್ಪತ್ತು ವರ್ಷ ಕುರಿ ಆರೋಗ್ಯದ ಕಡತ ಬರೆದ ನಾನು ಒಂದು ಮರಿಗೂ ಔಷಧಿ ಕುಡಿಸಿದವಳಲ್ಲ ಎಂಬುದು ಆಗ ನೆನಪಾಯಿತು. ಚೀಲ ಕಟ್ಟೆಯ ಮೇಲಿಟ್ಟೆ.

"ನನಗೂ ಕಲಿಸ್ತೀಯೇನಮ್ಮ?"

"ಅದಕ್ಕೇನ್ರೀ, ಬರ್ರಿ" ಎಂದು ಅವಳು ಮರಿಯನ್ನು ನನ್ನ ಕಡೆ ದಾಟಿಸಿದಳು. "ಅಂಜಬ್ಯಾಡ್ರಿ. ನಾ ಆ ಕಡಿ ನೋಡ್ತೀನಿ."