ನಾನು ಅಳಿಸಿದ ‘ಆದರೆ’

ಜಯಮ್ಮ ಆಂಟಿ, ನೀವು ನಿಮ್ಮ ಅಣ್ಣಂದಿರ ಮೇಲೆ ಹಾಕಿದ ಕೇಸು ಬಿದ್ದುಹೋದದ್ದು ಲಾಯರ್ ತಪ್ಪಿನಿಂದಲ್ಲ. ಅಂಥ ಕೇಸು ನಿಲ್ಲುವುದಿಲ್ಲ ಎಂದು ಹೇಳುವ ಒಂದು ವಾಕ್ಯ ನನ್ನ ಲೇಖನದಲ್ಲಿತ್ತು. ಅದನ್ನು ನಾನೇ ಅಳಿಸಿದೆ. ಮರೆತು ಬಿಟ್ಟದ್ದಲ್ಲ — ಗೊತ್ತಿದ್ದೂ ಅಳಿಸಿದ್ದು.

ಆಗ ನಾನು ತುಮಕೂರಿನಲ್ಲಿ ಪತ್ರಿಕೋದ್ಯಮ ಓದುತ್ತಿದ್ದೆ. ನಿಮ್ಮ ಮಗಳು ರೇಖಾ ಹಾಸ್ಟೆಲಿನಲ್ಲಿ ನನ್ನ ರೂಮಿನವಳು. ರಜೆಗೆ ಅವಳ ಜೊತೆ ಕುಣಿಗಲ್ಲಿಗೆ ಬಂದರೆ, ಹಾಸ್ಟೆಲಿನ ಊಟದಲ್ಲಿ ಸೊರಗಿದ್ದೀಯ ಎಂದು ನೀವು ನನ್ನ ಮುದ್ದೆಗೆ ಇನ್ನೊಂದು ಸೌಟು ಉಪ್ಪೆಸರು ಸುರಿಯುತ್ತಿದ್ದಿರಿ. ಅಷ್ಟು ನಂಬಿಕೆಯ ಮನೆ ಅದು ನನಗೆ.

ನಮ್ಮ ಕಾಲೇಜಿನಲ್ಲಿ ಪ್ರತಿ ವರ್ಷ, ಕಷ್ಟದ ವಿಷಯವೊಂದನ್ನು ಎಲ್ಲರಿಗೂ ಅರ್ಥವಾಗುವಂತೆ ಬರೆದ ವಿದ್ಯಾರ್ಥಿಗೆ ಪ್ರಶಸ್ತಿ ಕೊಡುತ್ತಿದ್ದರು. ನಾನು ತಂದೆಯ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಬದಲಾದ ಕಾನೂನನ್ನು ಆರಿಸಿಕೊಂಡೆ. ಹಬ್ಬದ ದಿನ ಒಬ್ಬಟ್ಟು ಬಡಿಸುವ ತಾಯಿ ಮಗ, ಮಗಳು ಎಂದು ನೋಡುತ್ತಾಳೆಯೇ — ಹೀಗೆ ಶುರು ಮಾಡಿದ್ದೆ. ನಮಗೆ ಕಾನೂನು ಪಾಠ ಮಾಡುತ್ತಿದ್ದ ವಕೀಲರು ಕರಡು ಓದಿ, “ಚೆನ್ನಾಗಿದೆ ಕಣಮ್ಮ. ಆದ್ರೆ ಈ ಕಾನೂನು ಬದಲಾಗೋಕೆ ಮುಂಚೇನೇ ಭಾಗ ಆಗಿ ರಿಜಿಸ್ಟರ್ ಆಗಿದ್ರೆ, ಅದನ್ನ ಮತ್ತೆ ಕೆದಕೋಕೆ ಆಗಲ್ಲ. ಅದನ್ನ ಬರೀದೇ ಬಿಡ್ಬೇಡ” ಎಂದರು.

ಬರೆದೆ. ಮತ್ತೆ ಓದಿದಾಗ ಆ ಒಂದು ವಾಕ್ಯ ಕಾಲಿಗೆ ತೊಡರಿದಂತಾಯಿತು. ಅದು ಇದ್ದರೆ ಓದುವವರು ತಡವರಿಸುತ್ತಾರೆ, ನನ್ನ ಬರಹದ ಓಟ ಕೆಡುತ್ತದೆ — ನನಗೆ ಕಂಡದ್ದು ಅಷ್ಟೇ. ಆ ವಾಕ್ಯಕ್ಕೆ ಸಿಕ್ಕುವ ಹೆಂಗಸರು ಎಲ್ಲೋ ನಿಜವಾಗಿ ಇರುತ್ತಾರೆ ಎಂದು ಒಂದು ಸಲವೂ ಹೊಳೆಯಲಿಲ್ಲ.

ಪ್ರಶಸ್ತಿ ಬಂತು. ತೀರ್ಪುಗಾರರೊಬ್ಬರು ಮೈಕಿನಲ್ಲಿ, “ಇಡೀ ಲೇಖನದಲ್ಲಿ ಒಂದು ‘ಆದರೆ’ ಇಲ್ಲ ನೋಡಿ, ಸ್ಪಷ್ಟತೆ ಅಂದರೆ ಇದು” ಎಂದರು. ಜನ ಚಪ್ಪಾಳೆ ತಟ್ಟಿದರು. ವಕೀಲರು ಆ ದಿನ ಬಂದಿರಲಿಲ್ಲ, ಬಂದಿದ್ದರೆ —

ಲೇಖನ ಪತ್ರಿಕೆಯಲ್ಲೂ ಬಂತು. ಅದನ್ನು ಓದಿದ್ದ ನೀವು, ಮುಂದಿನ ರಜೆಗೆ ನಾನು ಬಂದಾಗ, ಒಲೆ ಆರಿಸಿ ಬಂದು ನನ್ನ ಪಕ್ಕ ಕೂತಿರಿ. “ಹಾಗಲವಾಡೀಲಿ ನಮ್ಮಪ್ಪಂದು ತೋಟ ಐತೆ. ಅಪ್ಪ ಇದ್ದಾಗ್ಲೇ ಅಣ್ಣದೀರು ಭಾಗ ಮಾಡ್ಕೊಂಡವ್ರೆ. ನಂಗೂ ಬರ್ತೈತಾ?”

ಭಾಗ ಆದದ್ದು ಯಾವಾಗ, ರಿಜಿಸ್ಟರ್ ಆಗಿದೆಯೇ — ಇಷ್ಟು ಕೇಳಿದ್ದರೆ ಸಾಕಿತ್ತು. ಕೇಳಬೇಕೆಂದು ನಾಲಿಗೆಯ ತುದಿಗೂ ಬಂದಿತ್ತು. ಕೇಳಿದರೆ, ಇದನ್ನು ಲೇಖನದಲ್ಲಿ ಯಾಕೆ ಬರೆದಿಲ್ಲ ಎಂದು ನೀವು ಕೇಳಬಹುದೆಂದು ಹೆದರಿದೆ. “ಬರುತ್ತೆ ಆಂಟಿ, ಕಾನೂನೇ ಹೇಳುತ್ತೆ” ಎಂದುಬಿಟ್ಟೆ.

ಕುಣಿಗಲ್ಲಿನ ಮೊದಲ ಲಾಯರು ಇದು ನಿಲ್ಲುವುದಿಲ್ಲ ಎಂದು ನೇರವಾಗಿ ಹೇಳಿದರಂತೆ. ನೀವು ನನ್ನ ಲೇಖನ ತೋರಿಸಿದಿರಂತೆ. ಅಣ್ಣಂದಿರೇ ಅವರನ್ನು ಒಳಗೆ ಹಾಕಿಕೊಂಡಿದ್ದಾರೆ ಎಂದು ಎದ್ದು ಬಂದು ಇನ್ನೊಬ್ಬರನ್ನು ಹಿಡಿದಿರಿ. ಸಮನ್ಸು ಹಾಗಲವಾಡಿ ಮುಟ್ಟಿತು. ಆ ವರ್ಷ ಗೌರಿ ಹಬ್ಬಕ್ಕೆ ತವರಿನಿಂದ ಯಾರೂ ಬಾಗಿನ ತರಲಿಲ್ಲ. ಗುಬ್ಬಿಯಲ್ಲಿ ನಡೆದ ದೊಡ್ಡಣ್ಣನ ಮಗಳ ಮದುವೆಗೆ ನಿಮಗೆ ಕರೆಯೇ ಇಲ್ಲ. ಆ ಹುಡುಗಿಯನ್ನು ಎತ್ತಿ ಆಡಿಸಿದವರು ನೀವು. ಮದುವೆಯ ಬೆಳಿಗ್ಗೆ ರೇಷ್ಮೆ ಸೀರೆ ಉಟ್ಟು, ಯಾರಾದರೂ ಫೋನ್ ಮಾಡಿಯಾರು ಎಂದು ಮಧ್ಯಾಹ್ನದವರೆಗೂ ಕೂತಿದ್ದಿರಂತೆ. ರೇಖಾ ಹೇಳಿ ಅತ್ತಳು. ನಾನು ಅವಳನ್ನು ಸಮಾಧಾನ ಮಾಡಿದೆ. ನಾನು!

ಕೊನೆಗೆ ಕೇಸು ವಜಾ ಆಯಿತು. ಆ ಭಾಗ ಕಾನೂನು ಬದಲಾಗುವ ಮೊದಲೇ ರಿಜಿಸ್ಟರ್ ಆಗಿತ್ತು. ನಾನು ನಿಮ್ಮನ್ನು ನೋಡಲು ಬಂದೆ — ಹೇಳಿಬಿಡಬೇಕೆಂದೇ ಬಂದೆ. ನೀವು ಕಾಫಿ ಕೊಟ್ಟು, “ನೀನ್ ಸರಿಯಾಗೇ ಬರ್ದಿದ್ದೆ ಕಣಮ್ಮ. ಈ ಲಾಯ್ರೇ ದಂಡ, ಸರಿಯಾಗ್ ವಾದ ಮಾಡ್ಲಿಲ್ಲ” ಎಂದಿರಿ.

“ಹೌದು ಆಂಟಿ” ಎಂದೆ.

ಅಳಿಸಿದ್ದು ಹುಡುಗಾಟದ ವಯಸ್ಸಿನ ಜಂಬ ಎಂದಾದರೂ ಹೇಳಿಕೊಳ್ಳಬಹುದು. ಈ ಎರಡು ಮಾತಿಗೆ ನನ್ನಲ್ಲಿ ಯಾವ ಹೆಸರೂ ಇಲ್ಲ. ನಿಮ್ಮ ಎದುರು ಕೂತು, ತಪ್ಪಿಲ್ಲದ ಮನುಷ್ಯನ ತಲೆಗೆ ತಪ್ಪು ಕಟ್ಟಿ, ಕಾಫಿ ಕುಡಿದೆ. ಆ ಪ್ರಶಸ್ತಿಯ ಬಲದಿಂದಲೇ ಸಿಕ್ಕ ಕೆಲಸದಲ್ಲಿ ಇಂದಿಗೂ ಇದ್ದೇನೆ. ನೀವು ಇಂದಿಗೂ ತವರಿಗೆ ಹೋಗಿಲ್ಲ.

ಇದನ್ನು ಅಚ್ಚಿಗೆ ಕೊಡುವ ಮೊದಲು ಕುಣಿಗಲ್ಲಿಗೆ ಬಂದು ನಿಮ್ಮೆದುರು ಓದುತ್ತೇನೆ. ನೀವು ಒಪ್ಪಿದರೆ ಹಾಗಲವಾಡಿಗೂ ಹೋಗಿ, “ನಿಮ್ಮ ತಂಗಿ ದುರಾಸೆಗೆ ಬಿದ್ದವರಲ್ಲ, ನನ್ನ ಮಾತು ನಂಬಿದವರು” ಎಂದು ನಿಮ್ಮ ಅಣ್ಣಂದಿರಿಗೆ ಹೇಳುತ್ತೇನೆ. ಅವರು ಬಾಗಿಲು ತೆಗೆಯದೆ ಇರಬಹುದು. ನೀವೂ ತೆಗೆಯದೆ ಇರಬಹುದು. ಹೊರಗೆ ನಿಂತೇ ಹೇಳುತ್ತೇನೆ.